ಇಂಗ್ಲೆಂಡಿನ ರೆಡ್ ಬುಕ್: ಮಗು ತೂಕ ಸರಿ ಇದೆಯಾ ಅಂತ ನೋಡೋದು ಹೇಗೆ

ಇಲ್ಲಿ ಮಗು ಆದಾಗ ಕೈಗೊಂದು ರೆಡ್ ಬುಕ್, ಅಂದ್ರೆ ಮಗುವಿನ ಆರೋಗ್ಯದ ದಾಖಲೆ ಪುಸ್ತಕ, ಕೊಡ್ತಾರಲ್ಲ, ಅದರೊಳಗಿನ ತೂಕದ ಚಾರ್ಟ್ ನೋಡಿ ನಮ್ಮವರು ಗಾಬರಿ ಆಗೋದು ಬಹಳ. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ನರ್ಸ್) ಬಂದು ಒಂಬತ್ತನೇ ಸೆಂಟೈಲ್ ಅಂದ ತಕ್ಷಣ, ಮಗುಗೆ ನೂರಕ್ಕೆ ಒಂಬತ್ತು ಮಾರ್ಕ್ಸ್ ಬಂದ ಹಾಗೆ ಮುಖ ಸಣ್ಣಗಾಗತ್ತೆ. ದಯವಿಟ್ಟು ಹಾಗೆ ತಗೋಬೇಡಿ. ಅದೇ ವಯಸ್ಸಿನ 100 ಮಕ್ಕಳನ್ನ ತೂಕದ ಪ್ರಕಾರ ಸಾಲಾಗಿ ಇಟ್ರೆ ಸುಮಾರು 9 ಮಕ್ಕಳು ನಿಮ್ಮ ಮಗುಗಿಂತ ಹಗುರ ಇರ್ತಾರೆ, ಅಷ್ಟೇ.

ಚಾರ್ಟಲ್ಲಿ 9 ಗೆರೆ ಇದೆ: 0.4, 2, 9, 25, 50, 75, 91, 98, 99.6. ಗಂಡು ಹೆಣ್ಣಿಗೆ ಬೇರೆ ಬೇರೆ ಚಾರ್ಟು. ಯಾವ ಗೆರೆ ಅನ್ನೋದಕ್ಕಿಂತ ಚುಕ್ಕೆಗಳೆಲ್ಲ ಸುಮಾರಾಗಿ ಅದೇ ಗೆರೆ ಪಕ್ಕದಲ್ಲೇ ಸಾಗ್ತಿವೆಯಾ ಅನ್ನೋದು ಮುಖ್ಯ, ಸ್ವಲ್ಪ ಮೇಲೆ ಕೆಳಗೆ ಆಗೋದು ಮಾಮೂಲಿ. ಹುಟ್ಟಿದಾಗ 9ರಿಂದ 91ರ ನಡುವೆ ಇದ್ದ ಮಗು ಎರಡು ಗೆರೆಗಳಷ್ಟು ಇಳಿದ್ರೆ, ಅಂದ್ರೆ 50ರಿಂದ 9ಕ್ಕೆ ಬಂದ್ರೆ, ಆಗ ವಿಚಾರಿಸ್ತಾರೆ. ಹುಟ್ಟುವಾಗ್ಲೇ 9ಕ್ಕಿಂತ ಕೆಳಗಿದ್ರೆ ಒಂದು ಗೆರೆಯಷ್ಟು ಇಳಿದ್ರೂ ಕೇಳ್ಬೇಕು, 2ಕ್ಕಿಂತ ಕೆಳಗೆ ಹೋದ್ರೆ ಹುಟ್ಟಿದಾಗಿನ ತೂಕ ಎಷ್ಟೇ ಇದ್ದಿರ್ಲಿ, ಮಗುನ ತೋರಿಸ್ಬೇಕು.

ಇಲ್ಲೇ ನಮ್ಮವರದ್ದೊಂದು ಮಾತಿದೆ, ಇದು ಬಿಳಿಯರ ಮಕ್ಕಳ ಚಾರ್ಟು, ನಮ್ಮ ಮಕ್ಕಳು ಸಣ್ಣಗೇ ಇರ್ತಾರೆ ಅಂತ. ಇದನ್ನ ನಂಬಿ ಸುಮ್ನಿರೋದು ಒಳ್ಳೇದಲ್ಲ. 2009ರಿಂದ ಇಲ್ಲಿ 2 ವಾರದಿಂದ 4 ವರ್ಷದವರೆಗೆ ಬಳಸೋದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ, ಅದಕ್ಕೆ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಾ ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದಿದ್ರು. ಎದೆಹಾಲು ಕುಡಿದು, ಒಳ್ಳೆ ವಾತಾವರಣದಲ್ಲಿ ಬೆಳೆದ ಮಕ್ಕಳ ಉದ್ದ ಎಲ್ಲಾ ದೇಶದಲ್ಲೂ ಹೆಚ್ಚುಕಮ್ಮಿ ಒಂದೇ ಥರ ಬಂತು.

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯತ್ತೆ, ಹೆದರ್ಬೇಡಿ, ಸಾಮಾನ್ಯವಾಗಿ 3 ವಾರದೊಳಗೆ ವಾಪಸ್ ಬರತ್ತೆ. 10 ಪರ್ಸೆಂಟ್‌ಗಿಂತ ಜಾಸ್ತಿ ಇಳಿದ್ರೆ ಮಿಡ್‌ವೈಫ್ ಹಾಲೂಡಿಸೋದನ್ನ ಕೂತು ನೋಡ್ತಾರೆ. ಆಮೇಲೆ ಮಗು ಚೆನ್ನಾಗಿದ್ರೆ 6 ತಿಂಗಳವರೆಗೆ ತಿಂಗಳಿಗೊಂದ್ಸಲ, 1 ವರ್ಷದವರೆಗೆ 2 ತಿಂಗಳಿಗೊಂದ್ಸಲ, ಆಮೇಲೆ 3 ತಿಂಗಳಿಗೊಂದ್ಸಲ ತೂಗಿದ್ರೆ ಸಾಕು. ವಾರವಾರ ತೂಗಿದ್ರೆ ಸುಮ್ನೆ ತಲೆಬಿಸಿ, ಹಾಲು ಕುಡಿದಿದೆಯಾ, ಕಕ್ಕ ಮಾಡಿದೆಯಾ ಅನ್ನೋದರಲ್ಲೇ ಅಂಕಿ ಬದಲಾಗತ್ತೆ. 2 ವರ್ಷದೊಳಗಿನ ಮಗುನ ಬಟ್ಟೆ, ನ್ಯಾಪಿ ಎಲ್ಲಾ ತೆಗೆದೇ ತೂಗ್ಬೇಕು. 37 ವಾರಕ್ಕೆ ಮುಂಚೆ ಹುಟ್ಟಿದ್ರೆ 40 ವಾರಕ್ಕೆ ಎಷ್ಟು ವಾರ ಕಮ್ಮಿ ಇತ್ತೋ ಅಷ್ಟನ್ನ ಕಳೆದು ವಯಸ್ಸು ಲೆಕ್ಕ ಹಾಕ್ತಾರೆ, ಮಾಡಿಲ್ಲ ಅನ್ನಿಸಿದ್ರೆ ನೀವೇ ಕೇಳಿ.

ಊರಿಂದ ವಿಡಿಯೋ ಕಾಲಲ್ಲಿ ಅಜ್ಜಿ ಮಗು ಸೊರಗಿದೆ ಅಂತಾರೆ, ಪ್ರೀತಿಗೇ ಅಂತಾರೆ, ಆದ್ರೆ ಅದಕ್ಕಂತ 4 ತಿಂಗಳಿಗೇ ರಾಗಿ ಸರಿ ಶುರು ಮಾಡೋದು ಬೇಡ, ಇಲ್ಲಿ ಸುಮಾರು 6 ತಿಂಗಳಿಗೆ ಅಂತಾರೆ, ಅದಕ್ಕೂ ಸಕ್ಕರೆ ಬೇಡ.

2 ವರ್ಷದ ಮೇಲೆ ಎತ್ತರ ಸೇರಿಸಿ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ, ನೋಡ್ತಾರೆ. ರಿಸೆಪ್ಷನ್ ಕ್ಲಾಸಲ್ಲಿ (ಸ್ಕೂಲಿನ ಮೊದಲ ವರ್ಷ, 4-5 ವಯಸ್ಸು) ಸ್ಕೂಲಲ್ಲೇ ಅಳೀತಾರೆ, 91ನೇ ಸೆಂಟೈಲ್ ದಾಟಿದ್ರೆ ತೂಕ ಜಾಸ್ತಿ ಅಂತ. ಗುಂಡಗಿದ್ರೆ ಆರೋಗ್ಯ ಅನ್ನೋ ನಮ್ಮ ನಂಬಿಕೆ ಅಲ್ಲಿ ನಡೆಯಲ್ಲ.

ಮಗು ಹಾಲು ಬಿಟ್ಟಿದ್ರೆ, ಒದ್ದೆ ನ್ಯಾಪಿ ಕಮ್ಮಿ ಆಗಿದ್ರೆ, ಮಂಕಾಗಿದ್ರೆ ತೂಗೋ ದಿನಕ್ಕೆ ಕಾಯ್ಬೇಡಿ, ಅವತ್ತೇ ಜಿಪಿಗೆ (ನಿಮ್ಮ ಫ್ಯಾಮಿಲಿ ಡಾಕ್ಟರ್) ಫೋನ್ ಮಾಡಿ, ಅವರ ಕ್ಲಿನಿಕ್ ಮುಚ್ಚಿದ್ರೆ ಆರೋಗ್ಯ ಸಹಾಯವಾಣಿ 111ಗೆ, ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ ತುರ್ತು ನಂಬರ್ 999.