ಅಂಟಿಗೆ ಪಂಟಿಗೆ: ಹಿಂದಿನ ಜೋಡಿಯಲ್ಲಿ ನಿಂತವನ ಮಾತು

ನಮ್ಮ ತೀರ್ಥಹಳ್ಳಿ ಕಡೆ ದೀಪಾವಳಿಗೆ ದೊಡ್ಡಬ್ಬ ಅಂತಲೇ ಹೆಸರು. ಪಟಾಕಿ ಅದರಲ್ಲಿ ಲೆಕ್ಕಕ್ಕೇ ಇಲ್ಲ. ನೀರು ತುಂಬುವುದು, ಎಣ್ಣೆಸ್ನಾನ, ಗೋಪೂಜೆ ಎಲ್ಲ ಆಗಿ ಬಲಿಪಾಡ್ಯಮಿಯ ರಾತ್ರಿ ಬಂತೆಂದರೆ ಅಂಟಿಗೆ ಪಂಟಿಗೆ ಹೊರಡುತ್ತದೆ. ಊರದೇವರ ಗುಡಿಯಲ್ಲಿ ಹಚ್ಚಿಕೊಂಡ ದೀಪ ಹಿಡಿದು, ಮನೆಮನೆಯ ಬಾಗಿಲಲ್ಲಿ ಹಾಡಿ, ಆ ದೀಪದಿಂದ ಅವರ ಮನೆಯ ದೀಪ ಹೊತ್ತಿಸಿಕೊಟ್ಟು ಮುಂದಿನ ಮನೆಗೆ ನಡೆಯುವುದು. ಹೀಗೆ ಮೂರು ರಾತ್ರಿ. ಸಿದ್ದಾಪುರ, ಶಿರಸಿ ಕಡೆ ಇಂಥದ್ದೇ ಹಾಡಿಗೆ ಬಿಂಗಿ ಪದ ಅನ್ನುತ್ತಾರೆ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳಿಂದ ಹಬ್ಬಕ್ಕೆ ರಜೆ ಹಾಕಿ ಊರಿನ ತಂಡದ ಜೊತೆ ತಿರುಗುತ್ತಿದ್ದೇನೆ. ಹೊಸದಾಗಿ ಸೇರಬೇಕೆನ್ನುವ ಹುಡುಗರು ಮೊದಲು ಕೇಳುವುದು "ಪದ ಎಲ್ಲಿ ಸಿಗುತ್ತೆ?" ಅಂತ. ಪದಕ್ಕೇನು, ಬರೆದುಕೊಂಡವರು ಇದ್ದಾರೆ, ಮೊಬೈಲಿನಲ್ಲೂ ಇದೆ. ಸಿಗದೆ ಇರುವುದು ಹಿಂದೆ ಹಾಡುವವರು.

ನಮ್ಮಲ್ಲಿ ಹಾಡುವುದು ಎರಡು ಜೋಡಿ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವುದು ಸಾಲು ಮುಗಿದ ಮೇಲಲ್ಲ, ಕಡೆಯ ಅಕ್ಷರ ಇನ್ನೂ ಅವರ ಗಂಟಲಲ್ಲಿ ಎಳೆಯುತ್ತಿರುವಾಗಲೇ. ಆಗ ಹಾಡಿಗೆ ಸಂದಿಯೇ ಇರುವುದಿಲ್ಲ. ನಾವು ಹಾಡುವಷ್ಟು ಹೊತ್ತು ಮುಂದಿನವರಿಗೆ ಉಸಿರು ಎಳೆದುಕೊಳ್ಳಲು, ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಬಿಡುವು. ಹಿಂದಿನವರು ಸಣ್ಣಗೆ ಎಡವಿದರೂ ಎಂಥ ಹಾಡುಗಾರನಿಗೂ ಸಾಲು ತಪ್ಪುತ್ತದೆ. ನಮ್ಮ ಕಡೆ ತಾಳವಿಲ್ಲ, ಮದ್ದಳೆಯಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ರಾತ್ರಿ ಏರಿದ ಹಾಗೆ ಮುಂದಿನವರ ಸ್ವರ ಏರುತ್ತಾ ಹೋಗುತ್ತದೆ. ಅದನ್ನು ಹಿಡಿದು ಕೆಳಗೆ ಕೂರಿಸುವುದೂ ಹಿಂದಿನವರ ಕೆಲಸವೇ. ವಿಡಿಯೊ ಮಾಡುವವರೆಲ್ಲ ದೀಪ ಹಿಡಿದವರ ಮುಖಕ್ಕೇ ಕ್ಯಾಮೆರಾ ಹಿಡಿಯುತ್ತಾರೆ, ಅದು ಬೇರೆ ಮಾತು.

ನಾನು ಕಲಿತದ್ದು ಅಡಿಕೆ ಸುಲಿಯುವ ಜಾಗದಲ್ಲಿ. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಕೊಯ್ಲು ಶುರುವಾಗಿರುತ್ತದೆ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾ ದೊಡ್ಡಪ್ಪ ಹೇಳುತ್ತಿದ್ದರು, ಸುತ್ತ ಕೂತವರು ಎತ್ತಿಕೊಳ್ಳುತ್ತಿದ್ದರು. ನಾನು ಪುಸ್ತಕ ತೆಗೆದರೆ ಬೈಗುಳ. "ಬರ್ಕಂಡು ಎಂತ ಮಾಡ್ತೀಯ ಮಾರಾಯ? ಕಡೇ ಅಕ್ಷರ ಹಿಡ್ಕೋ ಸಾಕು, ಪದ ತಾನೇ ಬರ್ತದೆ." ಮಾತು ಸುಳ್ಳಲ್ಲ. ಈಗ ಅರ್ಧ ಊರಿನಲ್ಲಿ ಸುಲಿಯುವ ಯಂತ್ರ ಬಂದಿದೆ. ಆ ಸದ್ದಿನಲ್ಲಿ ಮಾತೇ ಕೇಳದು, ಇನ್ನು ಪದ ಎಲ್ಲಿ? ಕೂಲಿಗೆ ಜನ ಸಿಗದ ಕಾಲದಲ್ಲಿ ಯಂತ್ರ ಬೇಡ ಅನ್ನಲು ನನಗೆ ಬಾಯಿಲ್ಲ. ಆದರೆ ಹಿಂದಿನ ಜೋಡಿ ತಯಾರಾಗುತ್ತಿದ್ದದ್ದು ಆ ಮೆಟ್ಟುಗತ್ತಿಗಳ ಮುಂದೆ. ಅದಕ್ಕೇ ಈಗ ಹಬ್ಬಕ್ಕೆ ಮುಂಚಿನ ವಾರ ಸಂಜೆ ಹೊತ್ತು ಗುಡಿಯ ಜಗಲಿಯಲ್ಲಿ ಕೂರುತ್ತೇವೆ. ನಾನು ಬೆಂಗಳೂರಿನಿಂದ ಫೋನಿನಲ್ಲೇ ಎತ್ತಿಕೊಳ್ಳಲು ನೋಡಿದೆ. ಫೋನಿನಲ್ಲಿ ದನಿ ಒಂದು ಗಳಿಗೆ ತಡವಾಗಿ ಬರುತ್ತದೆ, ಈ ಹಾಡಿಗೆ ಅಷ್ಟು ಸಾಕು ಕೆಡಲಿಕ್ಕೆ.

ರೆಕಾರ್ಡಿಂಗ್ ಕೇಳಿ ಕಲಿಯುವುದಕ್ಕೂ ಒಂದು ಮಿತಿಯಿದೆ. ಪದದ ಉದ್ದ ಮನೆಯಿಂದ ಮನೆಗೆ ಬೇರೆ. ಮೊದಲು ಬಾಗಿಲು ತೆಗೆಸುವ ಪದ. ಒಳಗಿನವರು ಬಾಗಿಲು ಮುಚ್ಚಿಕೊಂಡೇ ಕೇಳುತ್ತಾರೆ. ಒಳಗೆ ಇನ್ನೂ ಬತ್ತಿ ಹುಡುಕುತ್ತಿರುವ ಸದ್ದು ಬಂದರೆ ದೊಡ್ಡಪ್ಪ ಎರಡು ಸಾಲು ಹಿಗ್ಗಿಸುತ್ತಾರೆ, ಚಿಲಕ ಸರಿದ ಸದ್ದಾದರೆ ಅಲ್ಲಿಗೇ ಕಟ್ಟುತ್ತಾರೆ. ಆಮೇಲೆ ಬಲೀಂದ್ರನ ಪದ, ಎಣ್ಣೆ ಎರೆಯುವ ಪದ, ಕಡೆಗೆ ಹರಸುವ ಪದ. ಕರುಹಾಕಿದ ದನವಿರುವ ಮನೆಯಲ್ಲಿ ಗೋವಿನ ಪದಕ್ಕೆ ಜಾಸ್ತಿ ಹೊತ್ತು. ಆ ವರ್ಷ ಸಾವಾದ ಮನೆಯ ಮುಂದೆ ಹಾಡುವುದಿಲ್ಲ, ದೀಪ ಹಿಡಿದು ಸುಮ್ಮನೆ ದಾಟುತ್ತೇವೆ. ದಾರಿಯಲ್ಲಿ ಬೇರೆ ಊರಿನ ತಂಡ ಎದುರಾದರೆ ಸವಾಲು ಪದ ಶುರು. ಅದರಲ್ಲಿ ಸಿಕ್ಕಿಕೊಂಡರೆ ಆ ರಾತ್ರಿ ನಾಲ್ಕು ಮನೆ ಕಮ್ಮಿಯಾಯಿತು ಅಂತಲೇ ಲೆಕ್ಕ.

ದೀಪ ಮೂರು ದಿನ ಆರಬಾರದು. 2025ರಲ್ಲಿ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೇ ಬಂತು. ಹಬ್ಬ ಹೀಗೆ ಬೇಗ ಬಂದ ವರ್ಷ ಮಳೆಯನ್ನು ನಂಬುವ ಹಾಗಿಲ್ಲ. ನಮ್ಮದು ಎಣ್ಣೆ ಟಿನ್ನು ಕತ್ತರಿಸಿ ಮಾಡಿದ ಗೂಡು, ಒಂದೇ ಮಗ್ಗುಲು ತೆರೆದದ್ದು, ಒಳಗೆ ಹಿತ್ತಾಳೆ ದೀಪ. ಅಂಗಡಿಯ ಹತ್ತಿ ಬತ್ತಿ ಇದಕ್ಕಾಗದು. ಹಳೆಯ ಪಂಚೆ ಹರಿದು ಕಿರುಬೆರಳಿನಷ್ಟು ದಪ್ಪ ಹೊಸೆದುಕೊಳ್ಳಬೇಕು. ಹೊರಡುವಾಗ ಹರಳೆಣ್ಣೆ ಹಾಕುತ್ತೇವೆ, ಅದು ಮಂದ, ನಿಧಾನ ಉರಿಯುತ್ತದೆ. ಆಮೇಲೆ ನಮ್ಮ ಕೈಯಲ್ಲಿಲ್ಲ. ಒಂದು ಮನೆಯವರು ದೀಪಕ್ಕೆ ಕೊಬ್ಬರಿ ಎಣ್ಣೆ ಎರೆಯುತ್ತಾರೆ, ಇನ್ನೊಂದು ಮನೆಯವರು ಸೂರ್ಯಕಾಂತಿ, ಯಾರೋ ತುಪ್ಪ. ಬೇಡ ಅನ್ನುವ ಹಾಗಿಲ್ಲ. ಗದ್ದೆಬದುವಿನಲ್ಲಿ ಗಾಳಿ ಎದ್ದರೆ ಕಂಬಳಿ ಅಡ್ಡ ಹಿಡಿಯಲು ಒಬ್ಬ ಬೇಕೇಬೇಕು, ಅವನಿಗೆ ಹಾಡಲು ಬರದಿದ್ದರೂ ನಡೆಯುತ್ತದೆ.

ಊಟದ ವಿಷಯ. ಹೋದ ಮನೆಯಲ್ಲೆಲ್ಲ ತಿನ್ನಿ ತಿನ್ನಿ ಅನ್ನುತ್ತಾರೆ. ಹೋಳಿಗೆ ತಿಂದು ಪದ ಹೇಳಲಾಗದು, ಬೇಳೆ ಹೊಟ್ಟೆಯಲ್ಲಿ ಕೂರುತ್ತದೆ. ಹಾಡುವವರಿಗೆ ಸರಿಯಾದದ್ದು ಸೌತೆಕಾಯಿ ಕಡುಬು. ಗದ್ದೆಯಲ್ಲಿ ಬೆಳೆದು ಹಳದಿಗೆ ತಿರುಗಿದ ಸೌತೆಯೇ ಬೇಕು, ಎಳೆಯದು ಹುಳಿಯೂ ಅಲ್ಲ ಸಿಹಿಯೂ ಅಲ್ಲ. ಅತ್ತಿಗೆ ತಿರುಳು ಬೀಜ ತೆಗೆದು ತುರಿದು, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ ಪಾತ್ರೆ ಮುಚ್ಚಿಡುತ್ತಾರೆ. ಒಂದಷ್ಟು ಹೊತ್ತಿಗೆ ತುರಿ ತನ್ನದೇ ನೀರಿನಲ್ಲಿ ತೇಲುತ್ತದೆ. ಆಗ ಅಕ್ಕಿತರಿಯನ್ನು ಆ ನೀರು ಕುಡಿಯುವಷ್ಟೇ ಹಾಕಬೇಕು. ಹೊರಗಿನಿಂದ ಒಂದು ಹನಿ ನೀರೂ ಇಲ್ಲ. ಬಾಡಿಸಿದ ಬಾಳೆಲೆಯಲ್ಲಿ ಮಡಿಸಿ, ಮಡಿಕೆ ಕೆಳಗಾಗಿಟ್ಟು ಹಬೆಯಲ್ಲಿ ಬೇಯಿಸುವುದು. ಎಲೆ ಬಿಡಿಸುವಾಗ ಕಡುಬು ಎಲೆಗೆ ಅಂಟದೆ ಎದ್ದರೆ ಹದ ಬಂದಿದೆ ಅಂತ. ಬಿಸಿಯಿದ್ದಾಗ ತುಪ್ಪ ಸುರಿದು ಅರ್ಧ ಕಡುಬು, ಮೇಲೆ ಜೀರಿಗೆ ಕಷಾಯ. ಗಂಟಲು ಬೆಳಗಿನವರೆಗೆ ತಡೆಯುತ್ತದೆ. ಮೊಸರು, ಮಜ್ಜಿಗೆ ಮಾತ್ರ ಯಾರು ಎಷ್ಟು ಒತ್ತಾಯ ಮಾಡಿದರೂ ಬೇಡ.

ಮೂರನೆಯ ರಾತ್ರಿ ಮುಗಿಸಿ ದೀಪ ಗುಡಿಗೆ ವಾಪಸ್. ಮನೆಗಳಲ್ಲಿ ಕೊಟ್ಟ ಅಕ್ಕಿ, ಕಾಯಿ, ದುಡ್ಡು ಸೇರಿಸಿ ಒಂದು ದಿನ ಊರಿಗೆಲ್ಲ ಊಟ ಹಾಕುತ್ತೇವೆ. ಹೋದ ಸಲ ಆ ಊಟದ ಹೊತ್ತಿಗೆ ಪಕ್ಕದ ಮನೆಯ ಹುಡುಗಿ, ಪಿಯುಸಿ ಓದುವವಳು, "ಹೆಣ್ಮಕ್ಳು ಹಿಂದೆ ಎತ್ಕಂಡ್ರೆ ಆಗಲ್ವ ದೊಡ್ಡಪ್ಪ?" ಅಂತ ಕೇಳಿಯೇಬಿಟ್ಟಳು. ಅವಳಿಗೆ ಎಲ್ಲ ಪದವೂ ಬರುತ್ತದೆ. ಬಾಗಿಲ ಒಳಗಡೆ ನಿಂತು ವರ್ಷವರ್ಷ ಕೇಳಿದವಳಲ್ಲವೇ. ದೊಡ್ಡಪ್ಪ ಪಾಯಸ ಬಡಿಸಿಕೊಳ್ಳುತ್ತಾ, "ಜಗಲೀಲಿ ಕೂರುವಾಗ ಬಾ, ಸ್ವರ ನೋಡುವ" ಅಂದರು. ರಾತ್ರಿ ತಿರುಗುವುದರ ಮಾತು ಇನ್ನೂ ಆಗಿಲ್ಲ. ನನ್ನನ್ನು ಕೇಳಿದರೆ, ಕಡೆಯ ಅಕ್ಷರ ಅಷ್ಟು ಚೆನ್ನಾಗಿ ಹಿಡಿಯುವವರು ಈಗ ನಮ್ಮ ತಂಡದಲ್ಲಿ ಬೇರೆ ಯಾರೂ ಇಲ್ಲ, ನಾನೂ ಸೇರಿ.