ಹೀಟರ್‌ನ ಬ್ಲೋವರ್ ಮೋಟಾರ್ ಬದಲಿಸುವ ಕ್ರಮ

ವಾಹನದ ಹೀಟರ್‌ಗೂ ಏಸಿಗೂ ಗಾಳಿ ನೂಕುವುದು ಸಾಮಾನ್ಯವಾಗಿ ಒಂದೇ ಬ್ಲೋವರ್ ಮೋಟಾರ್. ಮುಂದಿನ ಗಾಜಿಗೆ ಕವಿದ ಮಂಜನ್ನು ಬೇಗ ಆರಿಸುವುದೂ ಇದರ ಗಾಳಿಯೇ ಆದ್ದರಿಂದ, ಇದು ಕೈಕೊಟ್ಟರೆ ಚಳಿಯ ತೊಂದರೆಯ ಜೊತೆಗೆ ದಾರಿ ಕಾಣದ ಅಪಾಯವೂ ಇದೆ. ಮೋಟಾರ್ ಸವೆದಿರುವುದು ಮೊದಲು ತಿಳಿಯುವುದು ಸದ್ದಿನಿಂದ. ಕಡಿಮೆ ವೇಗದಲ್ಲಿ ಕೀಚಲು ಸದ್ದು ಬಂದರೆ ಬುಷ್ (ತಿರುಗುವ ದಂಡಕ್ಕೆ ಆಧಾರವಾಗಿರುವ ಬಳೆ) ಸವೆದಿರುವ ಸಾಧ್ಯತೆ ಹೆಚ್ಚು. ಗಾಳಿ ನಿಂತುಹೋಗಿ, ಮೋಟಾರಿನ ಹೊರಕವಚವನ್ನು ತಟ್ಟಿದ ಕೂಡಲೇ ಮತ್ತೆ ಬರುವುದಾದರೆ ಒಳಗೆ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ತಿಳಿಯಬೇಕು.

ಆದರೆ ಹೊಸ ಮೋಟಾರ್ ಕೊಳ್ಳುವ ಮೊದಲು ದೋಷ ಮೋಟಾರಿನದೇ ಎಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ಹಣ ಪೋಲಾಗುವುದು ಹೆಚ್ಚಾಗಿ ಈ ಹಂತವನ್ನು ಬಿಟ್ಟಾಗಲೇ. ಕೈಯಿಂದ ವೇಗ ಬದಲಿಸುವ ವ್ಯವಸ್ಥೆಯಲ್ಲಿ ಫ್ಯಾನ್ ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ, ಕೆಟ್ಟಿರುವುದು ಬಹುಪಾಲು ವಿದ್ಯುತ್ತನ್ನು ತಡೆದು ವೇಗ ತಗ್ಗಿಸುವ ರೆಸಿಸ್ಟರ್, ಏಕೆಂದರೆ ಕೊನೆಯ ವೇಗದಲ್ಲಿ ವಿದ್ಯುತ್ತು ರೆಸಿಸ್ಟರನ್ನು ಹಾದುಹೋಗದೆ ನೇರವಾಗಿ ಮೋಟಾರಿಗೆ ಸೇರುತ್ತದೆ. ಯಾವ ವೇಗದಲ್ಲೂ ತಿರುಗದಿದ್ದರೆ ಮೊದಲು ಫ್ಯೂಸ್ ಮತ್ತು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ನೋಡಿ. ಅವು ಸರಿಯಿದ್ದರೆ ಇಗ್ನಿಷನ್ ಆನ್ ಮಾಡಿ, ಅತಿ ಹೆಚ್ಚಿನ ವೇಗವಿಟ್ಟು, ಮೋಟಾರಿನ ಪ್ಲಗ್ ಕಳಚದೆಯೇ ಅದರ ಹಿಂಬದಿಯಿಂದ ಎರಡೂ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಒಂದು ತಂತಿ ಮತ್ತು ವಾಹನದ ಲೋಹದ ಮೈ ನಡುವೆ ಅಳೆದರೆ ಅರ್ತ್ ತಂತಿಯ ದೋಷ ಕಣ್ಣಿಗೆ ಬೀಳುವುದಿಲ್ಲ. ಸುಮಾರು 12 ವೋಲ್ಟ್ ಬರುತ್ತಿದ್ದೂ ಮೋಟಾರ್ ತಿರುಗದಿದ್ದರೆ ದೋಷ ಮೋಟಾರಿನದೇ. ಎರಡಕ್ಕಿಂತ ಹೆಚ್ಚು ತಂತಿಗಳಿರುವ, ಒಳಗೇ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಮೋಟಾರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅವುಗಳಿಗೆ ಆಯಾ ವಾಹನದ ದುರಸ್ತಿ ಕೈಪಿಡಿಯನ್ನೇ ಅನುಸರಿಸಬೇಕು.

ಕೆಲಸ ಶುರುಮಾಡುವಾಗ ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ಇದ್ದರೆ, ಅದರ ಮಂಡಲದಲ್ಲಿ ಉಳಿದ ವಿದ್ಯುತ್ತು ಇಳಿಯಲು ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಹತ್ತು ನಿಮಿಷ ಹೆಚ್ಚು ಕಾದರೂ ನಷ್ಟವಿಲ್ಲ. ಹಳದಿ ಬಣ್ಣದ ಪ್ಲಗ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವುಗಳನ್ನು ಮುಟ್ಟಬೇಡಿ.

ಅನೇಕ ವಾಹನಗಳಲ್ಲಿ ಮೋಟಾರ್ ಇರುವುದು ಗ್ಲೋವ್ ಬಾಕ್ಸ್‌ನ ಹಿಂದೆ ಅಥವಾ ಅದರ ಕೆಳಗೆ. ಗ್ಲೋವ್ ಬಾಕ್ಸ್ ಖಾಲಿಮಾಡಿ, ಎರಡೂ ಬದಿಯ ಗೋಡೆಗಳನ್ನು ಒಳಕ್ಕೆ ಒತ್ತಿ ಕೆಳಗಿಳಿಸಿದರೆ ದಾರಿ ಸಿಗುತ್ತದೆ. ಕೆಲವದರಲ್ಲಿ ಸ್ಕ್ರೂಗಳನ್ನೂ ಬಿಚ್ಚಬೇಕಾಗುತ್ತದೆ. ಪ್ಲಗ್‌ನ ಬೀಗವನ್ನು ಒತ್ತಿ ಹಿಡಿದು ಪ್ಲಗ್ಗನ್ನೇ ಎಳೆಯಿರಿ, ತಂತಿಯನ್ನಲ್ಲ. ಮೋಟಾರಿಗೆ ತಂಪುಗಾಳಿ ಒಯ್ಯುವ ಸಣ್ಣ ರಬ್ಬರ್ ಕೊಳವೆಯಿದ್ದರೆ ಅದನ್ನೂ ಬಿಡಿಸಿ, ಸುತ್ತಲಿನ ಸ್ಕ್ರೂಗಳನ್ನು ತೆಗೆದು, ಕೊನೆಯದನ್ನು ಬಿಚ್ಚುವಾಗ ಮೋಟಾರನ್ನು ಕೈಯಲ್ಲಿ ಆನಿಸಿಕೊಳ್ಳಿ.

ಹೊರಬಂದ ಹಳೆಯ ಮೋಟಾರನ್ನು ಪಕ್ಕಕ್ಕೆ ಎಸೆಯದೆ ಗಮನವಿಟ್ಟು ನೋಡಬೇಕು, ಏಕೆಂದರೆ ಅದು ಯಾಕೆ ಸವೆಯಿತು ಎಂಬುದರ ಗುರುತು ಅದರ ಮೇಲೆಯೇ ಇರುತ್ತದೆ. ತುಕ್ಕು, ನೀರಿನ ಕಲೆ ಕಂಡರೆ ಗಾಜಿನ ಬುಡದಲ್ಲಿರುವ ನೀರು ಹರಿಯುವ ಕಂಡಿ ಎಲೆ, ಕಸದಿಂದ ಕಟ್ಟಿಕೊಂಡಿರಬಹುದು. ಅದನ್ನು ಬಿಡಿಸದಿದ್ದರೆ ಹೊಸ ಮೋಟಾರಿಗೂ ಅದೇ ಗತಿ. ಪ್ಲಗ್ ಕರಗಿದ್ದರೆ ಅಥವಾ ಕಂದಿದ್ದರೆ, ಬಿಗಿಯಾಗಿ ತಿರುಗುವ ಮೋಟಾರ್ ಹೆಚ್ಚು ವಿದ್ಯುತ್ತನ್ನು ಎಳೆದು ಅದನ್ನು ಕಾಯಿಸಿರಬಹುದು. ಅಂಥ ಪ್ಲಗ್ಗಿಗೆ ಹೊಸ ಮೋಟಾರ್ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಪ್ಲಗ್ಗನ್ನೂ ಬದಲಿಸಿ, ರೆಸಿಸ್ಟರನ್ನೂ ಪರೀಕ್ಷಿಸಿ. ಒಳಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ಇರುವ ವಾಹನವಾದರೆ ಈಗಲೇ ಅದನ್ನೂ ತೆಗೆದು ನೋಡಿ.

ಹೊಸ ಮೋಟಾರ್ ಫ್ಯಾನ್ ಇಲ್ಲದೆ ಬಂದಿದ್ದರೆ ಹಳೆಯದರ ಫ್ಯಾನನ್ನು ಬಿಡಿಸಿ ಹಾಕಬೇಕು. ಅದರ ರೆಕ್ಕೆಗಳಿಗೆ ಸಿಕ್ಕಿಸಿರುವ ಪುಟ್ಟ ಲೋಹದ ಕ್ಲಿಪ್‌ಗಳು ತೂಕ ಸರಿದೂಗಿಸಲು ಇರುವಂಥವು. ಕಿತ್ತರೆ ಫ್ಯಾನ್ ಅದುರುತ್ತದೆ. ಫ್ಯಾನ್ ಹಳೆಯ ದಂಡದ ಮೇಲೆ ಎಷ್ಟು ಎತ್ತರದಲ್ಲಿ ಕೂತಿತ್ತೋ ಹೊಸದರಲ್ಲೂ ಅಷ್ಟೇ ಎತ್ತರದಲ್ಲಿ ಕೂರಬೇಕು, ಇಲ್ಲವಾದರೆ ಕವಚಕ್ಕೆ ಉಜ್ಜುತ್ತದೆ. ಕೂರಿಸುವ ಮೊದಲು ಕವಚದೊಳಗಿನ ಕಸವನ್ನು ತೆಗೆದುಬಿಡಿ. ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್ಕಿನಲ್ಲಿ, ಆದ್ದರಿಂದ ಮೊದಲು ಎಲ್ಲವನ್ನೂ ಕೈಯಿಂದ ಹಿಡಿಸಿ ಆಮೇಲೆ ಹದವಾಗಿ ಬಿಗಿಯಿರಿ.

ಗ್ಲೋವ್ ಬಾಕ್ಸ್ ಮುಚ್ಚುವ ಮುನ್ನವೇ ಬ್ಯಾಟರಿ ಜೋಡಿಸಿ ಎಲ್ಲ ವೇಗಗಳಲ್ಲೂ ಓಡಿಸಿ ನೋಡಿ. ಸದ್ದಿಲ್ಲದೆ ತಿರುಗುತ್ತಿದ್ದರೂ ಗಾಳಿ ತೀರಾ ಮಂದವಾಗಿದ್ದರೆ, ತಂತಿಗಳು ಅದಲುಬದಲಾಗಿ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತಿದೆಯೇ ಎಂದು ಪರಿಶೀಲಿಸಿ. ಕಾಲು ಗಂಟೆ ಅತಿ ಹೆಚ್ಚಿನ ವೇಗದಲ್ಲಿ ಓಡಿಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾಗದಷ್ಟು ಸುಡುತ್ತಿದ್ದರೆ ಅದರ ಸಂಪರ್ಕ ಸಡಿಲವಿದೆ, ಅದನ್ನು ಸರಿಪಡಿಸಿದ ನಂತರವೇ ಗ್ಲೋವ್ ಬಾಕ್ಸ್ ಸೇರಿಸಿ.