ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರ್ ಹಾಕಿಸಿದ ನನ್ನ ಅನುಭವ

ನನ್ನ ಎಸ್‌ಯುವಿಯ ಜೊತೆ ಬಂದಿದ್ದ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರ್‌ಗಳು ಸವೆಯುತ್ತಾ ಬಂದಾಗ, ಅದೇ ಬಗೆಯ ಟೈರ್‌ಗೆ ಮತ್ತೆ ಹಣ ಹಾಕುವುದಿಲ್ಲ ಎಂದು ತೀರ್ಮಾನಿಸಿದೆ. ಅಷ್ಟು ದೊಡ್ಡ ಗಾಡಿ, ಅಷ್ಟು ಒಳ್ಳೆಯ ಸಸ್ಪೆನ್ಷನ್. ಆದರೂ ಸೇತುವೆಯ ಪ್ರತಿ ಜೋಡಣೆಯೂ ಸೊಂಟಕ್ಕೆ ತಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನಿಗೆ ದೂರದ ಪ್ರಯಾಣವೆಂದರೆ ಭಯ ಹುಟ್ಟಿಬಿಟ್ಟಿತ್ತು.

ಕಾರಣ ಇಷ್ಟೆ. ರನ್‌ಫ್ಲಾಟ್ ಟೈರಿನ ಸೈಡ್‌ವಾಲ್‌ನೊಳಗೆ, ಅಂದರೆ ಪಕ್ಕೆಯ ಗೋಡೆಯೊಳಗೆ, ದಪ್ಪ ರಬ್ಬರಿನ ಆಸರೆ ಇರುತ್ತದೆ. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಗಾಡಿಯನ್ನು ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಸುಮಾರು 80 ಕಿಲೋಮೀಟರ್ ಹೋಗಬಹುದು. ಆದರೆ ಗಾಳಿ ಇದ್ದಾಗಲೂ ಆ ಗೋಡೆ ಬಗ್ಗಲು ಒಪ್ಪುವುದಿಲ್ಲ. ಮೇಲಾಗಿ ತೂಕ ಹೆಚ್ಚು, ಬೆಲೆ ಹೆಚ್ಚು. ಗಾಳಿಯಿಲ್ಲದೆ ಓಡಿದ ಮೇಲೆ ಒಳಗೋಡೆ ಬಿಸಿಯಾಗಿ ಹಾಳಾಗಿರಬಹುದು. ಹೊರಗಿನಿಂದ ಅದು ಕಾಣುವುದಿಲ್ಲವಾದ್ದರಿಂದ ಅಂಥ ಟೈರಿಗೆ ಪಂಕ್ಚರ್ ಹಾಕಲು ಹೆಚ್ಚಿನವರು ಒಪ್ಪುವುದಿಲ್ಲ. ಒಂದು ಮೊಳೆಗೆ ಒಂದು ಇಡೀ ಟೈರ್ ತೆರಬೇಕಾಗುತ್ತದೆ.

ಹೊಸ ಟೈರ್ ಆರಿಸುವಾಗ ನಾನು ಅತಿ ಹೆಚ್ಚು ಗಮನ ಕೊಟ್ಟಿದ್ದು ಭಾರದ ಸೂಚ್ಯಂಕಕ್ಕೆ, ಅಂದರೆ ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆಗೆ. ಅಂಗಡಿಯವರು ಅಳತೆ ಒಂದೇ ಆದರೆ ಸಾಕು ಎನ್ನುತ್ತಾರೆ, ಖಂಡಿತ ಸಾಲದು. ಉದಾಹರಣೆಗೆ 255/50 ಆರ್19 ಅಳತೆಯಲ್ಲಿ 103 ಎಂದು ಬರೆದ ಟೈರೂ ಇದೆ, 107 ಎಂದು ಬರೆದ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಟೈರೂ ಇದೆ. 103 ಎಂದರೆ ಒಂದು ಟೈರ್ ಹೊರಬಲ್ಲದ್ದು 875 ಕಿಲೋ, 107 ಎಂದರೆ 975 ಕಿಲೋ. ಎರಡು ಟನ್ ಮೀರುವ ಗಾಡಿಗೆ ಜನ, ಸಾಮಾನು ತುಂಬಿದಾಗ ಈ ಅಂತರ ಸಣ್ಣದಲ್ಲ. ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮತ್ತು ಕೈಪಿಡಿ ಎರಡನ್ನೂ ನೋಡಿ, ಭಾರದಲ್ಲೂ, ಟೈರ್ ತಾಳುವ ಗರಿಷ್ಠ ವೇಗವನ್ನು ಸೂಚಿಸುವ ಅಕ್ಷರದಲ್ಲೂ ಕಂಪನಿ ಹೇಳಿದ್ದಕ್ಕಿಂತ ಒಂದು ಮೆಟ್ಟಿಲೂ ಕೆಳಗಿಳಿಯದ ಟೈರ್ ಆರಿಸಿದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದ್ದರಿಂದ ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯದ್ದು ಹಾಕಿಸಿದೆ. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂಬ ಬೆರಕೆಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಿಂದ ಟೈರ್ ತಯಾರಾದ ವಾರ ಮತ್ತು ವರ್ಷವನ್ನೂ ಓದಿಕೊಂಡೆ.

ರಿಮ್ ಬದಲಿಸಬೇಕಾಗಲಿಲ್ಲ. ರನ್‌ಫ್ಲಾಟ್‌ಗೆಂದು ಮಾಡಿದ ರಿಮ್‌ನ ಅಂಚಿನ ಉಬ್ಬು ಸ್ವಲ್ಪ ಎತ್ತರ ಇರುತ್ತದೆ. ಅದರ ಮೇಲೆ ಸಾಮಾನ್ಯ ಟೈರ್ ಚೆನ್ನಾಗಿಯೇ ಕೂರುತ್ತದೆ. ಹಳೆಯ ಟೈರ್ ಬಿಚ್ಚುವುದೇ ಕಷ್ಟವಾಯಿತು. ಯಂತ್ರದ ತೋಳು ಒತ್ತಿದರೂ ಅಂಚು ಜಗ್ಗದೆ, ಇನ್ನೊಬ್ಬ ಹುಡುಗ ಬಂದು ಸಾಬೂನು ನೀರು ಸುರಿದು ಸನ್ನೆಕೋಲು ಹಾಕಿದ. ಒಳಗಿನ ಗಾಳಿ ಸೆನ್ಸರಿಗೆ ಸನ್ನೆಕೋಲು ತಾಗದಂತೆ ನೋಡಿಕೊಳ್ಳಲು ಮೊದಲೇ ಹೇಳಿದ್ದೆ. ಬಿಚ್ಚಿದ ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮರದ ಹಲಗೆಯಂತಿತ್ತು. ಹೊಸದರ ಪಕ್ಕೆ ಒತ್ತಿದಷ್ಟೂ ಒಳಗೆ ಹೋಯಿತು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಸಿ, ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಸಿ, ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ಪರದೆಯಲ್ಲಿ ರೀಸೆಟ್ ಮಾಡಿಕೊಂಡು ಹೊರಟೆ.

ಬದಲಾವಣೆ ಮೊದಲ ಉಬ್ಬಿನಲ್ಲೇ ತಿಳಿಯಿತು. ಏಟು ಹೋಗಿ ತೂಗು ಬಂದಿತ್ತು, ಹಳ್ಳದ ಸದ್ದು ತಗ್ಗಿತ್ತು. ಸ್ಟೀರಿಂಗ್ ಮಾತ್ರ ಮೊದಲಿನಷ್ಟು ಚುರುಕಾಗಿಲ್ಲ; ವೇಗದಲ್ಲಿ ಲೇನ್ ಬದಲಿಸಿದರೆ ಗಾಡಿ ಒಂದು ಕ್ಷಣ ತಡೆದು ತಿರುಗುತ್ತದೆ. ಗಾಳಿಯ ಒತ್ತಡವನ್ನು ಸ್ಟಿಕ್ಕರಿನಲ್ಲಿರುವಷ್ಟೇ, ಟೈರ್ ತಣ್ಣಗಿರುವಾಗ ಅಳೆದು ಇಟ್ಟ ಮೇಲೆ ಅದು ಒಗ್ಗಿಹೋಯಿತು. ಮೆತ್ತಗಾಗಲಿ ಎಂದು ಗಾಳಿ ಇಳಿಸುವ ಅಭ್ಯಾಸ ಕೆಲವರಿಗಿದೆ. ಟೈರನ್ನು ಬಿಸಿಮಾಡಿ ಕೊಲ್ಲಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಇಲ್ಲಿಗೆ ಕೆಲಸ ಅರ್ಧ ಮುಗಿದಿತ್ತು. ಇಂಥ ಎಷ್ಟೋ ಗಾಡಿಗಳಂತೆ ನನ್ನದರಲ್ಲೂ ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಅವನ್ನು ಇಡುವ ಗುಂಡಿಯೂ ಇಲ್ಲ. ಇಷ್ಟು ದಿನ ಸೈಡ್‌ವಾಲ್ ಹೊರುತ್ತಿದ್ದ ಜವಾಬ್ದಾರಿ ಈಗ ನನ್ನದು. ಡಿಕ್ಕಿಯಲ್ಲಿ 12 ವೋಲ್ಟಿನ ಕಂಪ್ರೆಸರ್, ಪಂಕ್ಚರ್ ಬತ್ತಿಗಳ ಕಿಟ್, ಇಕ್ಕಳ, ಟಾರ್ಚ್, ಎಚ್ಚರಿಕೆಯ ತ್ರಿಕೋನ ಇಟ್ಟೆ. ಸೀಲಂಟ್ ಬಾಟಲಿಯೂ ಇದೆ, ಆದರೆ ಅದು ಕೊನೆಯ ಉಪಾಯ: ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ ಆಗುತ್ತದೆ, ಪಕ್ಕೆ ಸೀಳಿದರೆ ಉಪಯೋಗವಿಲ್ಲ, ಒಳಗೆಲ್ಲ ಅಂಟಿ ಸೆನ್ಸರನ್ನೂ ಕೆಡಿಸಬಹುದು. ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ. ದೂರ ಹೋಗುವಾಗ, ಬ್ರೇಕ್ ಕ್ಯಾಲಿಪರಿಗೆ ತಾಗದ, ಎತ್ತರದಲ್ಲಿ ಉಳಿದ ಚಕ್ರಗಳಿಗೆ ಸಮನಾದ ಸ್ಟೆಪ್ನಿಯನ್ನು ಪಟ್ಟಿ ಬಿಗಿದು ಒಯ್ಯುತ್ತೇನೆ. ಸಾಮಾನಿನ ಜಾಗ ಅಷ್ಟು ಕಡಿಮೆಯಾಗುತ್ತದೆ, ಆಗಲಿ. ಜಾಕ್ ಎಲ್ಲಿ ಕೊಡಬೇಕೆಂದು ಕೈಪಿಡಿಯಲ್ಲಿ ನೋಡಿ, ಮನೆಯ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ಅಭ್ಯಾಸವನ್ನೂ ಮಾಡಿಕೊಂಡೆ. ಟೈರ್ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಬೇಕೇ ಎಂದು ಕೇಳಿ ಖಚಿತ ಮಾಡಿಕೊಂಡೆ.

ಆ ಮೇಲೆ ಒಂದು ಮೊಳೆ ಚುಚ್ಚಿತು. ಎಚ್ಚರಿಕೆಯ ದೀಪ ಹತ್ತಿದೊಡನೆ ನಿಲ್ಲಿಸಿ, ಗಾಳಿ ತುಂಬಿ, ನಿಧಾನವಾಗಿ ಪಂಕ್ಚರ್ ಅಂಗಡಿ ಸೇರಿದೆ. ಒಳಗಿನಿಂದ ತೇಪೆ ಹಾಕಿಸಿದ ಅದೇ ಟೈರ್ ಇವತ್ತಿಗೂ ಓಡುತ್ತಿದೆ.

ನನ್ನ ಗಾಡಿಯಲ್ಲಿ ಕುಳಿತು ಬಂದ ಅಕ್ಕ ತನ್ನದಕ್ಕೂ ಇದೇ ಹಾಕಿಸಲೇ ಎಂದು ಕೇಳಿದಳು. ಬೇಡ ಎಂದೆ. ಅವಳು ರಾತ್ರಿ ಹೊತ್ತು ಒಬ್ಬಳೇ ಜನವಿಲ್ಲದ ಹೆದ್ದಾರಿಯಲ್ಲಿ ಓಡಾಡುವವಳು, ಚಕ್ರ ಬಿಚ್ಚುವುದು ಅವಳಿಂದ ಆಗದು. ಅವಳಿಗೆ ಆ 80 ಕಿಲೋಮೀಟರ್ ಬೇಕು.